ನಿಮ್ಮ ಮೋಟಾರಿನ ಗಾಲಿಯೂ ನನ್ನ ಮಗಳ ಕಲ್ಲೂ

ಮಾನ್ಯ ರಸ್ತೆ ಅಧಿಕಾರಿಗಳೇ,

ನಿಮ್ಮ ಮೋಟಾರಿನ ಗಾಲಿ ತರಚುತ್ತದೆ ಎಂಬ ಕಾರಣಕ್ಕೆ ತೀರಿಹೋದ ನನ್ನ ಮಗಳ ಹೆಸರನ್ನು ಉಳಿಯಿಂದ ಕೆತ್ತಿ ತೆಗೆಯಲು ಹೊರಟಿದ್ದೀರಿ. ನನ್ನ ದೂರು ಇಷ್ಟೇ. ಅರ್ಜಿ ಬರೆದುಕೊಟ್ಟೆ, ಉತ್ತರವಿಲ್ಲ. ಖುದ್ದಾಗಿ ಬಂದು ನಿಂತೆ, ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆ ಎಂದರು. ಕ್ಯಾಂಪಿಗೆ ಹೋದ ಸಾಹೇಬರ ಮೋಟಾರು ಮಾತ್ರ ಕಚೇರಿಯ ಬೇವಿನ ನೆರಳಲ್ಲಿ ಆರಾಮಾಗಿ ನಿಂತಿತ್ತು. ಆದ್ದರಿಂದ ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಿಮ್ಮ ನೋಟೀಸು ಹತ್ತಿಪೇಟೆಯ ಗೋಡೆಯ ಮೇಲಿದೆ. ಹೊಸ ರಸ್ತೆಯ ಎಡಬದಿಗೆ ಹಾಕಿರುವ ಅಂಚುಗಲ್ಲುಗಳಲ್ಲಿ ಕಾಫಿ ಹೋಟೆಲಿನ ಮುಂದಿನ ಕಲ್ಲಿಗೆ ಉಬ್ಬಕ್ಷರಗಳಿದ್ದು ನಿಲ್ಲುವ ವಾಹನಗಳ ಗಾಲಿಗಳನ್ನು ತರಚುತ್ತಿರುವುದರಿಂದಲೂ, ಈ ಯುದ್ಧಕಾಲದಲ್ಲಿ ಟೈರು ದುರ್ಲಭವಾಗಿರುವುದರಿಂದಲೂ, ಬರುವ ಸೋಮವಾರ ಆ ಕಲ್ಲಿನ ಮುಖವನ್ನು ಕೆತ್ತಿ ನುಣುಪು ಮಾಡಲಾಗುವುದಂತೆ. ಭಲೇ! ಟೈರಿನ ಕಷ್ಟ ನನಗೆ ತಿಳಿಯದೆಂದು ಭಾವಿಸಬೇಡಿ. ನನ್ನ ಮೋಟಾರೇ ಟೈರಿಲ್ಲದೆ ಹತ್ತಿ ಬಿಡಿಸುವ ಜಿನ್ನಿನ ಹಿಂದೆ ಇಟ್ಟಿಗೆಗಳ ಮೇಲೆ ಕೂತಿದೆ. ಆದರೆ ಅದರ ಟೈರು ಸವೆದದ್ದು ದಾರಿ ನಡೆದು, ಕಲ್ಲಿಗೆ ತಿಕ್ಕಿಸಿಕೊಂಡಲ್ಲ. ನಾನು ಕೇಳುತ್ತೇನೆ: ಗಾಲಿಯನ್ನು ಕಲ್ಲು ತರಚಿತೋ, ಕಲ್ಲನ್ನು ಗಾಲಿ ತರಚಿತೋ? ಆ ಕಲ್ಲೇನು ಎದ್ದು ಬಂದು ನಿಮ್ಮ ಮೋಟಾರಿಗೆ ಹಾಯಿತೇ? ಬಿದ್ದಲ್ಲೇ ಬಿದ್ದಿರುವ ಕಲ್ಲಿನ ಮೇಲೆ ಆಪಾದನೆ ಹೊರಿಸುವುದು ಬಹಳ ಸುಲಭ, ಅದು ಎದುರು ಮಾತಾಡುವುದಿಲ್ಲ. ಅದರ ಪರವಾಗಿ ನಾನು ಮಾತಾಡುತ್ತೇನೆ.

ಹೂವಮ್ಮ ನಮಗೆ ಒಬ್ಬಳೇ ಮಗಳು. ನಾನು ಮೋಟಾರು ತಂದಾಗ ಆಕೆ ಲಂಗ ಹಾಕುವ ಹುಡುಗಿ. ನಡೆಸುವವನು ಕೂರುವುದು ಬಲಗಡೆ, ಅಂಗಡಿಯ ಕಟ್ಟೆ ಇರುವುದು ಎಡಗಡೆ. ಎಡಗಡೆಯ ಗಾಲಿ ಅವನ ಕಣ್ಣಿಗೇ ಬೀಳುವುದಿಲ್ಲ. ಆಕೆ ಅದನ್ನು ಯಾರೂ ಹೇಳದೆ ತಾನೇ ಕಂಡುಕೊಂಡಳು. ಪೇಟೆ ಬಂತೆಂದರೆ ಎಡಬಾಗಿಲಿನಿಂದ ಅರ್ಧ ಮೈ ಹೊರಗೆ ಚಾಚಿ ಕೂಗಲು ಶುರು. “ಅಪ್ಪಾ, ಮೊಳ ಐತಿ, ಬಾ. ಗೇಣು ಐತಿ, ಬಾ, ಬಾ... ನಾಕು ಬೆರಳೈತಿ! ಸಾಕಪ್ಪಾ, ನಿಲ್ಲಸು!” ಹಿಂದೆ ಕೂತ ನನ್ನ ಹೆಂಡತಿ ವೀರಬಸಮ್ಮ, “ಏ ಹುಡಿಗಿ, ಬಿದ್ದಗಿದ್ದೀ! ಮೈ ಒಳಗ ತಗೋ” ಎಂದು ಅವಳ ಲಂಗ ಹಿಡಿದು ಜಗ್ಗುವಳು. ಪೇಟೆಯ ಮಂದಿಗೆ ಅದೊಂದು ತಮಾಷೆ. “ಸಾವ್ಕಾರ್ರು ಬರೇ ಚಕ್ರ ಹಿಡಕಂಡು ಕುಂತಿರ್ತಾರ, ಮೋಟಾರು ನಡಸಾಕಿ ಹೂವವ್ವ” ಎಂದು ನಗುತ್ತಿದ್ದರು. ನಗಲಿ ಬಿಡಿ. ಆಕೆ ಜೊತೆಗಿದ್ದಷ್ಟು ಕಾಲ ನನ್ನ ಗಾಲಿ ಯಾವ ಕಟ್ಟೆಯನ್ನೂ ಮುಟ್ಟಲಿಲ್ಲ.

ಆಕೆಯನ್ನು ನಾಗಲದಿನ್ನೆಗೆ ಕೊಟ್ಟೆವು. ಹೊಳೆದಂಡೆಯ ಊರು, ಒಳ್ಳೆಯ ಮನೆತನ. ಚೊಚ್ಚಲ ಹೆರಿಗೆಗೆ ನಾನೇ ಮೋಟಾರಿನಲ್ಲಿ ಕರೆತಂದೆ. ಅವತ್ತೂ ಆ ತುಂಬಿದ ಹೊಟ್ಟೆಯಲ್ಲಿ ಕಿಟಕಿಯಿಂದ ಕತ್ತು ಹಾಕಿ, “ಗೇಣು ಐತಪ್ಪಾ, ಸಾವಕಾಶ” ಎಂದಳು. ಒಂದು ವಾರವೂ ಕಳೆಯಲಿಲ್ಲ, ಕೈಕಾಲು ಬಾತುಕೊಂಡವು, ಮೈ ಸೆಟೆಯಿತು. ಡಾಕ್ಟರು ಬಂದರು, ಸೂಲಗಿತ್ತಿ ಬಂದಳು. ಏನು ಬಂದು ಏನಾಯಿತು! ಕೂಸನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನನ್ನ ಮಗಳು ಹೋಗಿಬಿಟ್ಟಳು.

ನಮ್ಮ ಮನೆಯ ದನಗಳಿಗೆ ಹುಲ್ಲಿನ ಹೊರೆ ತರುವ ಭೀಮಕ್ಕ ಎಂಬಾಕೆ ಅಂಗಳದಲ್ಲಿ ಕೂತು ಅತ್ತು, ಆಮೇಲೆ ನನಗೆ ಹೇಳಿದಳು: “ಹೊರಿ ಇಳಸದಂಗ ಹ್ವಾದ್ಳು ನಮ್ಮವ್ವ. ಆಕಿ ಹೆಸರಿಲೆ ಒಂದು ಹೊರಿಗಲ್ಲು ನಿಲ್ಲಸ್ರಿ ಸಾವ್ಕಾರ್ರ. ದಾರ್ಯಾಗ ಹೋಗೋರು ಹೊರಿ ಇಳಸಲಿ. ಆಕಿ ಜೀವಕ್ಕ ಹಗುರಾಗತೈತಿ.” ಬಸುರಿಯಾಗಿ ತೀರಿಕೊಂಡವರ ಹೆಸರಲ್ಲಿ ಹೀಗೆ ಮಾಡುವುದು ಅವರ ಮನೆತನದಲ್ಲಿ ನಡೆದುಬಂದದ್ದಂತೆ. ನಿಮಗೆ ಹೊರೆಗಲ್ಲೆಂದರೆ ಏನೆಂದು ಗೊತ್ತಿರಲಿಕ್ಕಿಲ್ಲ, ನಿಮ್ಮ ತಲೆಯ ಮೇಲೆ ಟೋಪಿಯ ಹೊರತು ಇನ್ನೇನೂ ಕೂತದ್ದಿಲ್ಲವಲ್ಲ. ಹೆಗಲೆತ್ತರದ ಎರಡು ಕಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಉದ್ದ ಕಲ್ಲು. ತಲೆಯ ಮೇಲಿನ ಹೊರೆಯನ್ನು ಬಗ್ಗದೆ ಅದರ ಮೇಲಕ್ಕೆ ಜಾರಿಸಬಹುದು. ದಣಿವಾರಿದ ಮೇಲೆ ಯಾರ ಕೈಯನ್ನೂ ಬೇಡದೆ ಮತ್ತೆ ತಲೆಗೇರಿಸಿಕೊಂಡು ಹೋಗಬಹುದು. ಪೇಟೆಯ ಬಾಯಲ್ಲಿ ಅದನ್ನು ನಿಲ್ಲಿಸಿದೆವು. ಕಲ್ಲುಕುಟಿಗ ಮಾರೆಪ್ಪ ಅದರ ಮುಂಬದಿಗೆ ‘ಹೂವಮ್ಮ’ ಎಂದು ಉಬ್ಬಕ್ಷರದಲ್ಲಿ ಕೆತ್ತಿದ. ತಗ್ಗಿನ ಅಕ್ಷರಕ್ಕೆ ಮಣ್ಣು ತುಂಬಿಕೊಂಡು ಹೆಸರು ಮುಚ್ಚಿಹೋಗುತ್ತದೆ ಎಂಬುದು ಅವನ ಕಾಳಜಿ. ಕಟ್ಟಿಗೆಯವರು, ಹುಲ್ಲಿನವರು, ಮಜ್ಜಿಗೆಯ ಗಡಿಗೆಯವರು ಅಲ್ಲಿ ಹೊರೆ ಇಳಿಸಿ, “ತಣ್ಣಗಿರು ತಾಯಿ” ಎಂದು ಕಲ್ಲು ಮುಟ್ಟಿ ಹೋಗುವುದನ್ನು ನಾನು ಎದುರಿನ ನನ್ನ ಅಂಗಡಿಯಲ್ಲಿ ಕೂತು ನೋಡುತ್ತಿದ್ದೆ. ನನಗೂ ಅಷ್ಟು ಹಗುರಾಗುತ್ತಿತ್ತು.

ಆಮೇಲೆ ತಾವು ಬಂದಿರಿ, ರಸ್ತೆಯ ಸುಧಾರಣೆ ಬಂತು. ಹೊರೆಯ ಹೆಂಗಸರು ನಿಂತರೆ ಮೋಟಾರುಗಳಿಗೆ ಅಡ್ಡಿಯಂತೆ. ನಾನು ಪೆದ್ದಕಡುಬೂರಿಗೆ ಹತ್ತಿ ನೋಡಲು ಹೋಗಿದ್ದ ದಿನ ಕಂಬಗಳನ್ನು ಕಿತ್ತರು. ಬಂದು ನೋಡಿದರೆ ಮೇಲಿನ ಕಲ್ಲು ರಸ್ತೆಯ ಅಂಚಿನಲ್ಲಿ ಮಲಗಿದೆ. ಹೂಳಿದವನೂ ಅದೇ ಮಾರೆಪ್ಪ, ಈಗ ನಿಮ್ಮ ಕೂಲಿಯವನು. ಹೆಸರಿನ ಮುಖವನ್ನು ಒಳಗಡೆಗೆ, ಮಣ್ಣಿನ ಕಡೆಗೆ ತಿರುಗಿಸಿದ್ದರೆ ಇವತ್ತು ಯಾವ ಗಾಲಿಯೂ ಅದನ್ನು ಮುಟ್ಟುತ್ತಿರಲಿಲ್ಲ. ಯಾಕೋ ಹೀಗೆ ಮಾಡಿದೆ ಎಂದರೆ ಪಾಪ, ಕೈಮುಗಿದು ನಿಂತ. “ಅಕ್ಕನ ಹೆಸರು ಮಣ್ಣಾಗ ಹಾಕಾಕ ನನಗ ಮನಸಾಗಲಿಲ್ರಿ ಸಾವ್ಕಾರ್ರ. ಬೆಳಕಿಗಿರಲಿ ಅಂತ ದಾರಿ ಕಡೀಗೆ ಮಕ ಮಾಡಿದ್ನಿ.” ಅವನಿಗೆ ಬೈಯುವುದು ಹೇಗೆ? ಬೇರೆ ಕಲ್ಲು ಹಾಕಿಸಿಕೊಡುತ್ತೇನೆ, ನನ್ನದನ್ನು ನನಗೆ ಕೊಡಿ ಎಂದು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಜವಾನ ಬಾಗಿಲಲ್ಲೇ, “ಏಂ ಚೇಸ್ತಾಮ್, ಏನು ಮಾಡಾಣ ಸಾವ್ಕಾರ್ರೆ, ಒಮ್ಮೆ ಹೂಳಿದ ಮ್ಯಾಲೆ ಕಲ್ಲು ಸರಕಾರದ್ದು” ಎಂದು ಕನಿಕರದಿಂದಲೇ ಹೇಳಿ ಕಳಿಸಿದ.

ಸರಿ, ಅದನ್ನೂ ನುಂಗಿಕೊಂಡೆ. ಕಣ್ಣೆದುರಿಗಾದರೂ ಇದೆಯಲ್ಲ ಎಂದುಕೊಂಡೆ. ಆದರೆ ದಿನಾ ಸಂಜೆ ತಾವು ಕಾಫಿಗೆ ದಯಮಾಡಿಸುತ್ತೀರಿ. ಒಂದು ಕೈ ಚಕ್ರದ ಮೇಲೆ, ಇನ್ನೊಂದರಲ್ಲಿ ಸಿಗರೇಟು. ಕರ್ರ್ ಎಂದು ಗಾಲಿ ಕಲ್ಲಿಗೆ ಉಜ್ಜುತ್ತದೆ. ಮೊದಲ ದಿನ ಆ ಸದ್ದಿಗೆ ನಾನು ಗಾದಿಯಿಂದ ಎದ್ದೇ ನಿಂತೆ. ವೀರಬಸಮ್ಮ ಬೆಳಿಗ್ಗೆ ಒದ್ದೆ ಬಟ್ಟೆ ತಂದು ರಸ್ತೆಯಲ್ಲಿ ಕೂತು, ಅಕ್ಷರಗಳಿಗೆ ಹತ್ತಿದ ನಿಮ್ಮ ರಬ್ಬರಿನ ಕರಿಯನ್ನು ಒರೆಸುತ್ತಾಳೆ. ಮಗಳ ಮುಖ ತೊಳೆದ ಕೈ ಅದು. ಬೇಡವೇ, ಮಂದಿ ನೋಡುತ್ತಾರೆ ಎಂದರೆ, “ನೋಡ್ಲಿ ಬಿಡ್ರಿ, ನನ್ನ ಕೂಸು” ಎನ್ನುತ್ತಾಳೆ.

ನಿನ್ನೆ ಮಾರೆಪ್ಪ ಬಂದ. ಸುತ್ತಿಗೆ, ಉಳಿ ಎರಡನ್ನೂ ನಮ್ಮ ಹೊಸ್ತಿಲ ಮುಂದೆ ಇಟ್ಟು ಕೂತ. “ಕೆತ್ತಿದ ಕೈಲೇ ಅಳಸು ಅಂತಾರ. ನನ್ನಿಂದ ಆಗಂಗಿಲ್ರಿ. ನಾ ಒಲ್ಲೆ ಅಂದ್ರ ಇನ್ನೊಬ್ಬನ್ನ ಕರಸ್ತಾರ. ಏನು ಮಾಡ್ಲಿ ಹೇಳ್ರಿ?” ವೀರಬಸಮ್ಮ ಅವನಿಗೆ ನೀರು ಕೊಟ್ಟು ಒಳಗೆ ಹೋದಳು, ಸಂಜೆಯವರೆಗೆ ಹೊರಗೆ ಬರಲಿಲ್ಲ.

ಸ್ವಾಮಿ, ಗಾಲಿ ಉಳಿಸಿಕೊಳ್ಳಲು ಉಳಿ ಬೇಕಿಲ್ಲ. ತಾಳ್ಮೆ ಬೇಕು, ಅದಕ್ಕೆ ಯುದ್ಧಕಾಲದಲ್ಲೂ ಅಭಾವವಿಲ್ಲ. ದೂರದಿಂದಲೇ ವೇಗ ಇಳಿಸಿ. ಕಲ್ಲಿನ ಕಡೆಗೆ ಸ್ವಲ್ಪ ಓರೆಯಾಗಿ ಬನ್ನಿ, ಹತ್ತಿರವಾಗುತ್ತಲೇ ಚಕ್ರ ತಿರುಗಿಸಿ ಕಲ್ಲಿಗೆ ಸಮನಾಗಿ ಸಾಗಿ. ಓರೆಯಾಗಿ ಬರುವಾಗ ಕಲ್ಲಿಗೆ ಮೊದಲು ತಾಗುವುದು ಎಡಗಡೆಯ ಮುಂದಿನ ಗಾಲಿ ಎಂಬುದನ್ನು ಮರೆಯಬೇಡಿ, ನಿಮ್ಮ ಗಾಲಿ ತರಚುವುದು ಅಲ್ಲಿಯೇ. ಕಲ್ಲಿಗೆ ಅಂಟಿಕೊಂಡೇ ನಿಲ್ಲಬೇಕೆಂಬ ಹಟವೇಕೆ? ಗೇಣು ಬಿಟ್ಟು ನಿಂತರೆ ಕಾಫಿ ಆರಿಹೋಗುವುದೇ? ಹೊರಡುವಾಗಲೂ ನಿಂತಲ್ಲೇ ಚಕ್ರ ತಿರುಚದೆ, ನೇರವಾಗಿ ಕೊಂಚ ಮುಂದೆ ಹೋಗಿ ಆಮೇಲೆ ಬಲಕ್ಕೆ ತಿರುಗಿ. ಎಡಗಡೆ ಕಾಣದಿದ್ದರೆ ಪಕ್ಕದಲ್ಲಿ ಕೂತವರಿಗೆ ನೋಡಿ ಹೇಳಲು ಹೇಳಿ. ನಿಮಗೂ ಮಗಳಿದ್ದಾಳೆ ಎಂದು ಕೇಳಿದ್ದೇನೆ. ಆಕೆಯನ್ನು ಎಡಗಡೆ ಕೂರಿಸಿಕೊಳ್ಳಿ. ಆಕೆ ನೂರು ವರ್ಷ ಬಾಳಲಿ, ಬಾಯಿತುಂಬ ಹೇಳುತ್ತೇನೆ.

ನನ್ನ ಬೇಡಿಕೆ ಒಂದೇ. ಆ ಕಲ್ಲನ್ನು ಮಣ್ಣಿನಿಂದ ಎಬ್ಬಿಸಿ, ಎರಡು ಕಂಬಗಳ ಮೇಲೆ ಮೊದಲಿದ್ದಂತೆ ನಿಲ್ಲಿಸಿ. ಭೀಮಕ್ಕನಂಥವರು ಈಗ ಹೊರೆ ಇಳಿಸಲು ದಾರಿಯಲ್ಲಿ ಹೋಗುವವರ ಕೈಕಾಲು ಹಿಡಿಯುತ್ತಿದ್ದಾರೆ. ಖಾಲಿಯಾದ ಜಾಗಕ್ಕೆ ನುಣ್ಣನೆಯ ಕಲ್ಲನ್ನು ನಾನು ಕೊಡುತ್ತೇನೆ. ಇದಕ್ಕೆ ಮೇಲಿನವರ ಅಪ್ಪಣೆ ಬೇಕು, ತಡವಾಗುತ್ತದೆ ಎನ್ನುವಿರಾದರೆ ಆಗಲಿ, ಕಾಯುತ್ತೇನೆ. ಸೋಮವಾರ ಮಾತ್ರ ಉಳಿ ಹಚ್ಚಬೇಡಿ. ಅಲ್ಲಿಯವರೆಗೆ ನಿಮ್ಮ ಗಾಲಿಗೆ ನಾನು ಜವಾಬುದಾರ. ದಿನಾ ಸಂಜೆ ನೀವು ಬರುವ ಹೊತ್ತಿಗೆ ಅಂಗಡಿಯಿಂದ ಇಳಿದು ಬಂದು ಆ ಕಲ್ಲಿನ ಪಕ್ಕದಲ್ಲಿ ನಿಂತಿರುತ್ತೇನೆ. ಮೊಳ ಇದ್ದಾಗ ಮೊಳ ಎನ್ನುತ್ತೇನೆ, ಗೇಣು ಇದ್ದಾಗ ಗೇಣು ಎನ್ನುತ್ತೇನೆ. ಪೇಟೆ ನಗಲಿ, ಆಕೆಯ ಕಾಲದಲ್ಲೂ ನಕ್ಕಿತ್ತು. ನಾಲ್ಕು ಬೆರಳಿಗೆ ಬಂದಾಗ “ಸಾಕಪ್ಪಾ, ನಿಲ್ಲಸು” ಎಂದು ಕೂಗುತ್ತೇನೆ. ಆಗ ದಯವಿಟ್ಟು ನಿಲ್ಲಿಸಿ.

ಇಂತಿ,
ಮೋಟಾರು ನಿಲ್ಲಿಸುವುದನ್ನು ಮಗಳಿಂದ ಕಲಿತ,
ಹೂವಮ್ಮನ ಅಪ್ಪ ಮರಿಬಸಪ್ಪ
ಹತ್ತಿಪೇಟೆ, ಆದವಾನಿ, 1943