ಇವರು ಕೂಗಿದ ಗುರುತು

ಮಾರ್ಚ್ 3, ಸೋಮವಾರ

ಪೂಜೆ ಮುಗಿಸಿ ಮೈದಾನಕ್ಕೆ. ಇವರು ತಾವು ಓಡಿಸುವ ಶಾಲೆಯ ವ್ಯಾನಿನಿಂದ ಮಕ್ಕಳನ್ನು ಇಳಿಸಿ ನೇರ ಅಲ್ಲಿಗೇ ಬಂದರು. ತುದಿಯಲ್ಲಿ ರಾಟೆಗಳಿರುವ ನನ್ನ ಕಾಂಪೌಂಡ್ ಬಿಲ್ಲಿಗೆ ಹೊಸ ದಾರ ಹಾಕಿಸಿದೆ. ಬಿಲ್ಲಿಗೆ ಸಿಕ್ಕಿಸಿದ, ಗುರಿ ನೋಡುವ ಪಿನ್ನನ್ನು ಮೊದಲಿಂದ ಹೊಂದಿಸಬೇಕು.

ನಾನು ಹೊಡೆಯುವುದು, ಇವರು ದುರ್ಬೀನಿನಲ್ಲಿ ನೋಡಿ ಕೂಗುವುದು, ನಾನು ಸ್ಕ್ರೂ ತಿರುಗಿಸುವುದು. ಯಾವತ್ತಿನಿಂದಲೂ ಹೀಗೇ. ಬಾಣಕ್ಕೊಮ್ಮೆ ಹಲಗೆಯವರೆಗೆ ನಡೆಯಲು ನನ್ನ ಮಂಡಿ ಒಪ್ಪುವುದಿಲ್ಲ. ಬಾಣ ಎಡಕ್ಕೆ ಬಿದ್ದರೆ ಪಿನ್ನೂ ಎಡಕ್ಕೆ, ಬಲಕ್ಕೆ ಬಿದ್ದರೆ ಬಲಕ್ಕೆ.

“ಎಡಕ್ಕೆ!” ಎಂದರು. ತಿರುಗಿಸಿದೆ. “ಇನ್ನೂ ಎಡ!” ತಿರುಗಿಸಿದೆ. ಕೊನೆಗೆ, “ಈಗ ನಡುಮಧ್ಯ, ಇವಳೇ!”

ಖುಷಿಯಿಂದ ಹೋಗಿ ನೋಡಿದರೆ ಬಾಣಗಳೆಲ್ಲ ಬಲ ಅಂಚಿನಲ್ಲಿ. ಒಂದು ಹುಲ್ಲಿನಲ್ಲಿ.

“ಗಾಳಿ ಕಣೇ.”

“ಎಲೆ ಅಲುಗದ ಗಾಳಿನಾ ರೀ?”

ನಕ್ಕರು. ನಾನು ಹೊಸ ದಾರಕ್ಕೆ ಬೈದೆ.

ಮಾರ್ಚ್ 5, ಬುಧವಾರ

ಇವರು ವ್ಯಾನಿನ ಟೈರ್ ಬದಲಿಸಲು ಹೋಗಿದ್ದರು. ಮೈದಾನದ ಕೋಚ್ ದುರ್ಬೀನು ಹಿಡಿದರು. ಕಾಫಿ ಆರುವಷ್ಟರಲ್ಲಿ ಪಿನ್ ಸರಿಯಾಯಿತು! ಬಾಣಗಳೆಲ್ಲ ಹಲಗೆಯ ನಡುವಿನ ಹಳದಿಯಲ್ಲಿ, ಒಂದಕ್ಕೊಂದು ಆತುಕೊಂಡು.

“ಅಕ್ಕಾ, ಬಿಲ್ಲು ಅಪ್ಪಟ ಬಂಗಾರ. ಪಿನ್ನನ್ನ ಇಷ್ಟು ಎಡಕ್ಕೆ ತಳ್ಳಿದ್ಯಾರು? ಭಾವನ ಕೈಚಳಕಾನಾ?”

ನಕ್ಕೆ. ಮನೆ ಮುಟ್ಟುವ ಹೊತ್ತಿಗೆ ನಗು ಇರಲಿಲ್ಲ. ದಾರದ್ದೇನೂ ದೋಷವಿಲ್ಲ. ಹಾಗಾದರೆ...

ಮಾರ್ಚ್ 6, ಗುರುವಾರ

ಇಂದು ಇವರು ಜೊತೆಗಿದ್ದರು. ಮೊದಲ ಬಾಣ ಬಿಟ್ಟೆ.

“ಸ್ವಲ್ಪ ಬಲ,” ಎಂದರು. ಸ್ಕ್ರೂ ಮೇಲೆ ಕೈಯಿಟ್ಟೆ. ತಿರುಗಿಸಲಿಲ್ಲ. ಕಟ್ಟಿಕೊಂಡ ಗಂಡನ ಮಾತನ್ನು ಪರೀಕ್ಷೆ ಮಾಡುತ್ತಿದ್ದೇನಲ್ಲ! ದಾರ ಎಳೆದೆ. ಎಂದಿನಂತೆ ಮನಸ್ಸಿನಲ್ಲೇ ದೇವರ ಹೆಸರು — ಅದು ಮುಗಿದಾಗ ಬೆರಳು ಸಡಿಲಿಸುವುದು ನನ್ನ ರೂಢಿ.

ಹಲಗೆಗೆ ನೆಟ್ಟ ಸದ್ದಲ್ಲ. ಸೌದೆ ಸೀಳಿದಂಥ ಸದ್ದು.

“ಎಲ್ಲಿ ಬಿತ್ತು ರೀ?”

“ಚೆನ್ನಾಗಿದೆ. ಎರಡೂ ಅಕ್ಕಪಕ್ಕ. ನಡುವೆ ಒಂದು ಬೆರಳು ಜಾಗ.”

ದುರ್ಬೀನು ಇಸಿದುಕೊಂಡೆ. ಹಳದಿಯಲ್ಲಿ ಒಂದೇ ಬಾಣದ ಬಾಲ.

ನಡೆದು ಹೋದೆ. ಎರಡನೆಯ ಬಾಣ ಮೊದಲನೆಯದರ ಹಿಂಬದಿ ಸೀಳಿ, ಅದರ ಟೊಳ್ಳಿನೊಳಗೇ ಕೂತುಬಿಟ್ಟಿತ್ತು. ಕೋಚ್ ಓಡಿ ಬಂದು ಫೋಟೊ ತೆಗೆದರು. “ಅಕ್ಕಾ, ಇದಕ್ಕೋಸ್ಕರ ಜನ ಜೀವಮಾನವೆಲ್ಲ ಹೊಡೀತಾರೆ!” ಇವರೂ ಹತ್ತಿರ ಬಂದರು. ಸೀಳನ್ನು ಕಣ್ಣಿನಿಂದ ಹುಡುಕಲಿಲ್ಲ. ಬೆರಳಿನಿಂದ ತಡಕಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಸಂಜೆ ವ್ಯಾನು ಹತ್ತುವ ಮಕ್ಕಳದೇ ಯೋಚನೆ. ನಾನೂ ಬರುತ್ತೇನೆಂದು ಹತ್ತಿ ಪಕ್ಕದಲ್ಲಿ ಕೂತೆ. ತಿರುವು ತಿರುವಿಗೂ ಬಾಯಿಬಿಟ್ಟು ಹೇಳುತ್ತ ಬಂದೆ — ಸೈಕಲ್ಲು, ನಾಯಿ, ಅಜ್ಜಿ.

“ಏನಿವತ್ತು ಕಾಮೆಂಟ್ರಿ?” ಎಂದರು. ಬೇಡವೆನ್ನಲಿಲ್ಲ.

ಮಾರ್ಚ್ 9, ಭಾನುವಾರ

ಬರೆಯಲು ಕೈ ಬರಲಿಲ್ಲ. ಶುಕ್ರವಾರವೂ ಪಕ್ಕದಲ್ಲೇ ಕೂತಿದ್ದೆ. ನಿನ್ನೆ ಊಟ ಮಾಡುವಾಗ ಕೇಳಿಯೇಬಿಟ್ಟೆ.

“ಯಾವಾಗಿಂದ ರೀ?”

ತಟ್ಟೆಯಲ್ಲಿ ಬೆರಳಾಡಿಸಿದರು. “ನಡುವೆ ಮಾತ್ರ ಮಬ್ಬು. ಅಂಚೆಲ್ಲ ಕಾಣುತ್ತೆ. ಆ ರಸ್ತೆ ನನಗೆ ಬಾಯಿಪಾಠ ಕಣೇ.”

“ರಸ್ತೆ ಬಾಯಿಪಾಠ ಇರಬಹುದು. ಅಡ್ಡ ಓಡಿ ಬರೋ ಮಗು ಬಾಯಿಪಾಠ ಇರುತ್ತಾ?”

ಎದ್ದು ಹೋದರು. ಬಾಗಿಲು ಬಡಿಯಲಿಲ್ಲ. ಬಡಿದಿದ್ದರೇ ವಾಸಿಯಿತ್ತು. ವ್ಯಾನು ಹತ್ತಿದ ಮಕ್ಕಳೆಲ್ಲ ಇವರನ್ನು ಮಾಮ ಎಂದೇ ಕರೆಯುವುದು. ಬಂದು ತಮ್ಮ ಮದುವೆಗೆ ಕರೆಯುವಷ್ಟು ದೊಡ್ಡವರಾಗಿದ್ದಾರೆ ಕೆಲವರು. ಆ ಸೀಟು ಬಿಟ್ಟರೆ ಇವರು ಯಾರು ಎಂಬುದು ಇವರಿಗೇ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ತಾವೇ ಬಂದರು. “ಕಣ್ಣಿನ ಡಾಕ್ಟರ್ ಹತ್ರ ಹೋಗೋಣ. ಓಡಿಸಬಹುದು ಅಂತ ಅವರಂದ್ರೆ ಆಮೇಲೆ ನೀನು ತುಟಿ ಪಿಟಕ್ಕೆನ್ನಬಾರದು. ದೇವರ ಮುಂದೆ ಹೇಳು.”

ದೀಪದ ಮುಂದೆ ನಿಂತು ಹೇಳಿದೆ. ನಾಳೆ ಬೆಳಿಗ್ಗೆಯ ಮಟ್ಟಿಗೆ ಬದಲಿ ಡ್ರೈವರಿಗೆ ಹೇಳಿಯಾಗಿದೆ.

ಮಾರ್ಚ್ 10, ಸೋಮವಾರ

ನಮಗಿಂತ ಮೊದಲು ಒಬ್ಬರು ಮುದುಕರು. ಪರದೆಯಾಚೆ ಬೋರ್ಡಿನ ಅಕ್ಷರಗಳನ್ನು ಅವರು ಗಟ್ಟಿಯಾಗಿ ಓದುತ್ತಿದ್ದರು. ಇವರು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಜಪ ಮಾಡುತ್ತಿದ್ದಾರೆ ಎಂದುಕೊಂಡೆ, ತುಟಿ ಅಲುಗುತ್ತಿತ್ತು.

ಸರದಿ ಬಂತು. ಮೇಲಿನ ಸಾಲಿನಿಂದ ಸರಸರನೆ ಒಪ್ಪಿಸಿದರು. ತಡೆಯಿಲ್ಲ, ತಪ್ಪಿಲ್ಲ. ಡಾಕ್ಟರ್ ತಲೆಯಾಡಿಸಿ ಬರೆಯಲು ಪೆನ್ನು ಎತ್ತಿಕೊಂಡರು.

ನಾನು ಕೊಟ್ಟ ಮಾತು ನನ್ನ ಬಾಯಿ ಕಟ್ಟುವುದು ಓಡಿಸಬಹುದು ಎಂದು ಡಾಕ್ಟರ್ ಹೇಳಿದ ಮೇಲೆ ತಾನೆ? ಅವರಿನ್ನೂ ಹೇಳಿರಲಿಲ್ಲ. ದೇವರು ಲೆಕ್ಕ ಇಟ್ಟುಕೊಳ್ಳಲಿ.

“ಡಾಕ್ಟ್ರೇ, ಬೇರೆ ಬೋರ್ಡ್ ಹಾಕಿ.”

ಇವರ ಬೆನ್ನು ಸೆಟೆಯಿತು. ಬೇರೆ ಬೋರ್ಡ್ ಬಂತು. ಎಲ್ಲಕ್ಕಿಂತ ದೊಡ್ಡ ಅಕ್ಷರ, ಅಂಗೈಯಗಲ. ಇವರು ಕತ್ತು ಆ ಕಡೆ ಓರೆ ಮಾಡಿದರು, ಈ ಕಡೆ ಓರೆ ಮಾಡಿದರು. ಆಮೇಲೆ ಮೆಲ್ಲಗೆ, “ಗೊತ್ತಾಗ್ತಿಲ್ಲ,” ಎಂದರು. ಡಾಕ್ಟರಿಗಲ್ಲ, ನನಗೆ.

ಆಟೋದಲ್ಲಿ ಮನೆಗೆ ಬಂದೆವು. ಇಳಿಯುವಾಗ ನನ್ನ ಭುಜ ಹಿಡಿದುಕೊಂಡರು. ಸಿಟ್ಟಿದೆಯೋ ಇಲ್ಲವೋ ಹಿಡಿತದಿಂದ ತಿಳಿಯಲಿಲ್ಲ.

ಈಗ ನಡುಮನೆಯಿಂದ ಕರೆಯುತ್ತಿದ್ದಾರೆ. “ಇವಳೇ, ಸ್ಕೂಲಿನ ನಂಬರ್ ಒತ್ತಿಕೊಡು. ನಾನೇ ಹೇಳ್ತೀನಿ. ನೀನು ಹೇಳಬೇಡ.”

ಹೊರಟೆ. ಹೇಳುತ್ತ ಹೇಳುತ್ತ ನಡುವೆ ನಿಂತುಬಿಟ್ಟರೆ, ಪಕ್ಕದಲ್ಲಿ ನಾನು —