ಕಿವಿ ಹತ್ತಿರ ಒಂದು ಗೂಡು

ಅಮ್ಮಾ,

ಖರ್ಚು ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ನಡುವೆ ಬಾಯಿ ಹಾಕ್ತೀಯ. ಒಂದು ಸೇರು ರಾಗಿ, ಅದರಲ್ಲಿ ಅರ್ಧ ಮಂಚದ ಕೆಳಗೆ. ಒಂದು ಹಿಡಿ ರೇಷ್ಮೆಗೂಡು. ನೆಗ್ಗಿದ ಲೋಟ ಒಂದು. ಹಿಟ್ಟು ಮೆತ್ತಿದ ನನ್ನ ಒಳ್ಳೆ ಸೀರೆ. ಸೊಸೆಯ ಒಂದು ದಿನದ ಮುನಿಸು. ಇಷ್ಟರಲ್ಲಿ ನನಗೆ ನಷ್ಟ ಅನ್ನಿಸಿದ್ದು ಸೀರೆ ಮಾತ್ರ.

ನೀನು ಹೋದಾಗ ನನ್ನ ಮೊಮ್ಮಗಳು ಚಿನ್ನಿ ಇನ್ನೂ ಹುಟ್ಟಿರಲಿಲ್ಲ. ಈಗ ಎರಡು ತುಂಬಿದೆ. ಶಿಡ್ಲಘಟ್ಟದಲ್ಲಿ, ಅದೂ ರೇಷ್ಮೆ ನೂಲು ತೆಗೆಯೋ ಮನೇಲಿ ಹುಟ್ಟಿದ ಮಗು ಏನನ್ನೂ ಮುಟ್ಟಲ್ಲ ಅಂದರೆ ನಂಬ್ತೀಯಾ? ಅನ್ನದ ಅಗುಳು ಬೆರಳಿಗೆ ತಾಗಿದರೆ ಕೈ ಒದರ್ತಾಳೆ. ಮರಳು ಕಂಡರೆ ಕಾಲು ಮೇಲಕ್ಕೆ. ಊಟಕ್ಕೆ ಫೋನು ಬೇಕು, ಫೋನು ಹಿಡಿಯೋಕೆ ಅವಳಮ್ಮನೇ ಬೇಕು. ಸೊಸೆ ರೂಪಾಳದು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಕೆಲಸ, ಸೋಮವಾರ ಮತ್ತೆ ಸೇರಬೇಕು. "ಹಿಂಗೇ ಆದ್ರೆ ಕೆಲ್ಸ ಬಿಟ್ಬಿಡ್ತೀನಿ ಅತ್ತೆ, ಇನ್ನೇನ್ ಮಾಡ್ಲಿ?" ಅಂದಳು ಬಟ್ಟೆ ಮಡಚ್ತಾ. ಓದಿ, ಪರೀಕ್ಷೆ ಬರೆದು ಗಿಟ್ಟಿಸಿದ ಕೆಲಸ ಅಮ್ಮಾ. ನಾನು ಮನೇಲಿ ಇದ್ದೂ ಬಿಡೋದಾ?

ಶುಕ್ರವಾರ ನಡುಮನೇಲಿ ಅಂಗಡಿ ಹರವಿದೆ. ರಾಗಿ, ಕಲಸಿದ ಹಿಟ್ಟು, ಅರಿಶಿನದ ನೀರು, ಹತ್ತಿ, ಎಲ್ಲಾ ಒಟ್ಟಿಗೆ. "ರಾ ತಲ್ಲೀ, ಬಾರಮ್ಮ, ಎಷ್ಟು ಚೆನ್ನಾಗಿದೆ ಮುಟ್ಟಿ ನೋಡು" ಅಂತ ಅವಳ ಕೈ ಹಿಡಿದು ಹಿಟ್ಟಿಗೆ ಒತ್ತಿದೆ. ಅಷ್ಟೇ. ಲೋಟ ಗೋಡೆಗೆ, ರಾಗಿ ನೆಲಕ್ಕೆ, ಮಗು ಮಂಚದ ಕೆಳಕ್ಕೆ. "ಗಿರಾಕೀನ ಎಳ್ದಂಗೆ ಎಳೀತೀರಲ್ಲ ಅತ್ತೆ, ಅವ್ಳೇನ್ ನಿಮ್ ನೂಲು ಕೊಳ್ಳಕ್ ಬಂದವ್ಳಾ?" ಅಂದು ರೂಪಾ ಮಾತು ಬಿಟ್ಟಳು. ನಿಜ ತಾನೇ? ನೂಲು ಮಾರಿ, ಮಾತಿನಿಂದಲೇ ಮೇಲೆ ಬಂದವಳು ನಾನು. ಮಾತಿಗೆ ಬಗ್ಗದ ಗಿರಾಕಿಯನ್ನು ಕಂಡದ್ದು ಅವತ್ತೇ.

ನೂಲಿನ ಬಾಣಲೆ ಮುಂದೆ ನೀನು ಕೂತಿರ್ತಿದ್ದದ್ದು ಆಗ ನೆನಪಾಯ್ತು. ನನ್ನ ತಂಗಿಯನ್ನು ನೀನು ಬಿಸಿನೀರಿಂದ ದೂರ, ಕಂಬದ ಹತ್ತಿರ, ಮೊರದಲ್ಲಿ ರಾಗಿ ಹಾಕಿ ಕೂರಿಸ್ತಿದ್ದೆ. ಆಡು ಅಂತ ಒಂದು ಸಲವಾದರೂ ಹೇಳಿದೆಯಾ? ನಿನ್ನ ಪಾಡಿಗೆ ನೀನು ಒಂದೊಂದೇ ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಲೊಟಲೊಟ ಅಂದರೆ "ಒಳ್ಳೇದು" ಅಂತ ಇತ್ತ, ಸದ್ದಿಲ್ಲದ್ದು ಅತ್ತ... ಆಮೇಲೆ ಅವಳೇ ತೆವಳಿ ಬರ್ತಿದ್ದಳಲ್ಲ!

ಶನಿವಾರ ಬೆಳಗ್ಗೆ ಗೋಡೆಗೆ ನೇತುಹಾಕಿದ್ದ ನಿನ್ನ ಮೊರ ಇಳಿಸಿದೆ. ಚಿನ್ನಿಗೆ ಬೆನ್ನು ಹಾಕಿ ಕೂತೆ. ಒಣಗಿದ ಗೂಡೊಂದನ್ನು ಕಿವಿ ಹತ್ತಿರ ಅಲ್ಲಾಡಿಸಿದೆ. "ಒಳ್ಳೇದು." ಇನ್ನೊಂದು. "ಒಳ್ಳೇದು." ಚಿನ್ನಿ ಪಕ್ಕಕ್ಕೆ ಬಂದು ನಿಂತು "ಏನು?" ಅಂದಳು. "ಏನಿಲ್ಲ ಕಣಮ್ಮ, ನನ್ ಕೆಲ್ಸ." ಗೂಡಿಗೆ ಕಿವಿ ಕೊಟ್ಟಳು. ಕಣ್ಣು ಅಗಲ ಆಯ್ತು. ಆ ಗೂಡನ್ನು ಮೊರದ ರಾಗಿಯಲ್ಲಿ ಹೂತು ನಾನು ಗೋಡೆ ನೋಡ್ತಾ ಕೂತೆ. ಒಂದು ಬೆರಳು ಇಳೀತು. ಆಮೇಲೆ ಇಡೀ ಕೈ.

"ಅತ್ತೆ, ಅದ್ರೊಳಗೆ ಹುಳ ಇದೆ!" ಬಾಗಿಲಿಂದ ರೂಪಾ.

"ಇರ್ಲಿ ಬಿಡಮ್ಮ, ಸತ್ತಿರೋದು ಈಚೆಗ್ ಬರಲ್ಲ. ಬಾಯಿಗೆ ಹಾಕ್ದಂಗೆ ಪಕ್ಕದಲ್ಲಿ ಕೂತ್ಕೊ. ಮಾತಾಡ್ಬೇಡ."

"ಇದನ್ನ ನೀವು ಹೇಳ್ತಿದೀರಾ?" ಅಂತ ನಕ್ಕು ಕೂತಳು. ರೂಪಾನೇ ಒಂದು ಚಮಚ ಹೂತಿಟ್ಟಳು, ಆಮೇಲೆ ತನ್ನ ಬಳೆ. ಭಾನುವಾರ ಒಂದು ಬೋಗುಣಿ ನೀರು, ಒಂದು ಒದ್ದೆ ಬಟ್ಟೆ, ಬೇರೇನೂ ಇಲ್ಲ. ಚಿನ್ನಿ ಹಿಂಡಿ ಹಿಂಡಿ ನಮ್ಮಿಬ್ಬರನ್ನೂ ನೆನೆಸಿದಳು. ಮಧ್ಯಾಹ್ನ ತಟ್ಟೆಯಲ್ಲಿದ್ದ ಮುದ್ದೆಯ ತುಣುಕನ್ನು ತಾನೇ ಉಂಡೆ ಮಾಡಿದಳು. ಫೋನು ಒಳಗೆಲ್ಲೋ ಇತ್ತು.

ಸೋಮವಾರ ರೂಪಾ ಚಪ್ಪಲಿ ಮೆಟ್ಟುವಾಗ ಚಿನ್ನಿ ಓಡಿಬಂದು ಅವಳ ಕೈಲಿದ್ದ ಊಟದ ಡಬ್ಬಿ ಕಿತ್ಕೊಂಡಳು. ಈಗ ಅಳ್ತಾಳೆ, ಮುಗೀತು ಅಂದ್ಕೊಂಡೆ. ಅವಳು ಡಬ್ಬಿ ಕಿವಿಗಿಟ್ಟು ಅಲ್ಲಾಡಿಸಿದಳು. ಸ್ವಲ್ಪ ಯೋಚಿಸಿದಳು. "ಒಳ್ಳೇದು" ಅಂತ ವಾಪಸ್ ಕೊಟ್ಟು ಮೊರದ ಕಡೆ ನಡೆದಳು.

ಲೆಕ್ಕ ಇಷ್ಟು ಅಮ್ಮಾ. ರೂಪಾಗೆ ಅವಳ ಕೆಲಸ. ಚಿನ್ನಿಗೆ ಅವಳ ಎರಡು ಕೈ. ಮಂಚದ ಕೆಳಗಿನ ರಾಗಿ ಇರುವೆಗಳಿಗೆ. ನನಗೆ ಬಾಯಿ ಮುಚ್ಚಿಕೊಂಡಿರೋ ಅಭ್ಯಾಸ, ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ನಿನಗೆ, ಗೋಡೆಗೆ ವಾಪಸ್ ಹೋಗದ ಒಂದು ಮೊರ.