ಎರಡು ಗಂಟಿನ ದಾರ

ಇಳಕಲ್ಲ
೧೮ ಫೆಬ್ರುವರಿ ೨೦೨೪

ಪ್ರೀತಿಯ ಶೈಲಕ್ಕನಿಗೆ ಶಿವಗಂಗಾಳ ಶರಣು ಶರಣಾರ್ಥಿ.

ಸಂಕ್ರಾಂತಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ, ಸಿಟ್ಟಾಗಬೇಡ. ಫೋನು ಮಾಡೋಣವೆಂದರೆ ಬಾಡಿಗೆಯ ಒಂದೇ ಖೋಲಿ, ಇವರ ಕಿವಿ ಸದಾ ನನ್ನ ಕಡೆಗೇ. ಇವರ ಮೇಲಿನ ಸಂಶಯವನ್ನು ಇವರೆದುರೇ ಹೇಗೆ ಹೇಳಲಿ?

ಮನೆ ಕೆಡವಿದ್ದು ನಿನಗೆ ಗೊತ್ತು. ಹೊಸ ಪಾಯಾ ತೋಡಿಸುತ್ತಾರೆ ಎಂದುಕೊಂಡಿದ್ದೆ. ಒಂದು ದಿನ ಇವರು ಗೌಂಡಿ ರಾಜಮಹ್ಮದನನ್ನು ಕರೆತಂದು, ಮಾವನವರ ಕಾಲದ ಪಾಯಾದ ಕಲ್ಲುಗೋಡೆಗಳನ್ನು ಬಡಿದು ನೋಡಿಸಿದರು. "ಗಟ್ಟಿ ಅದಾವ್ರಿ. ಇದರ ಮ್ಯಾಲ ನೆಲದ ಸ್ಲ್ಯಾಬ್ ಹಾಕಬಹುದು" ಎಂದ ಆತ. ಇವರ ಮುಖ ಅರಳಿತು. ಹಳೆಯದೆಂದರೆ ಮೂಗು ಮುರಿಯುವ ಮನುಷ್ಯ ಹಳೆ ಪಾಯಾ ನೋಡಿ ಹಿಗ್ಗುವುದೆಂದರೇನು? ಏನೋ ಮಸಲತ್ತು ನಡೆದಿದೆ ಅನಿಸಿತು.

ನಮ್ಮ ಓಣಿಯಲ್ಲಿ ಸ್ಲ್ಯಾಬ್ ಬಿದ್ದ ಮನೆಗಳಲ್ಲೆಲ್ಲ ನೆಲದೊಳಗಿನ ಮಗ್ಗದ ಕುಣಿ ಮುಚ್ಚಿಹೋಗಿದೆ. ಮೂವತ್ತೆರಡು ವರ್ಷ ಕಾಲು ಇಳಿಬಿಟ್ಟು ಕೂತು ನಾನು ಸೀರೆ ನೇಯ್ದ ಕುಣಿ ಅಕ್ಕಾ. ಅದು ಹೋದರೆ ಆ ಮನೆಯಲ್ಲಿ ನಾನು ಬರೀ ರೊಟ್ಟಿ ಬಡಿಯುವವಳು. ಕೇಳಿದರೆ "ನೋಡೂಣಂತ" ಎನ್ನುತ್ತಿದ್ದರು. ನಾನು ಹತ್ತಿರ ಹೋದರೆ ಗೌಂಡಿಯೊಂದಿಗಿನ ಮಾತು ನಿಲ್ಲುತ್ತಿತ್ತು. ಅಂಗಿ ಒಗೆಯುವಾಗ ಕಿಸೆಯಲ್ಲಿ ಎರಡು ಗಂಟು ಹಾಕಿದ ದಾರ ಸಿಕ್ಕಿತು. ಮನೆ ಕೆಡವಿದ ಜಾಗಕ್ಕೆ ಒಯ್ದು ಕುಣಿಗೆ ಹಿಡಿದೆ. ಗಂಟಿನಿಂದ ಗಂಟಿಗೆ ಸರಿಯಾಗಿ ಕುಣಿಯ ಅಗಲ. ಮುಚ್ಚಲಿಕ್ಕೆ ಕಲ್ಲು ತರಿಸುತ್ತಿದ್ದಾರೆ ಎಂದು ಖಾತ್ರಿಯಾಯಿತು.

ಮೊನ್ನೆ ಗುರುವಾರ "ಕೂಡಲಸಂಗಮಕ್ಕ ಹೋಗಿ ಬಾ, ಭಾಳ ದಿನಾತು" ಎಂದು ತಾವೇ ಬಸ್ಸು ಹತ್ತಿಸಿದರು. ಎಂದೂ ಇಲ್ಲದ ಭಕ್ತಿ. ನಾನು ಹುನಗುಂದದಲ್ಲೇ ಇಳಿದು ತಿರುಗಿ ಬರುವ ಬಸ್ಸು ಹಿಡಿದೆ.

ಬಂದಾಗ ಅರ್ಧ ಕಾಂಕ್ರೀಟು ಬಿದ್ದಾಗಿತ್ತು. ಬಾಯಿಗೆ ಬಂದಂತೆ ಬೈದೆ. ರಾಜಮಹ್ಮದ ಸಮಾಧಾನದಿಂದ, "ಅಕ್ಕಾರ, ಮೊದಲ ಒಳಗ ನೋಡ್ರಿ" ಎಂದ.

ಕುಣಿಯ ಸುತ್ತ ಇಟ್ಟಂಗಿ ಕಟ್ಟಿ, ಸರಳು ಕತ್ತರಿಸಿ, ಸ್ಲ್ಯಾಬಿನಲ್ಲಿ ಆ ದಾರದ ಅಳತೆಯಷ್ಟೇ ಜಾಗ ಬಿಟ್ಟಿದ್ದರು. ನೆಲ ಎತ್ತರವಾಗಿ ಕುಣಿ ಆಳವಾಗದಿರಲೆಂದು ಅದರ ತಳಕ್ಕೂ ಅಷ್ಟೇ ಗರಸು ಮಣ್ಣು ತುಂಬಿಸಿದ್ದರು.

"ಹೊಸ ಪಾಯಾ ತೋಡಿದ್ರ ಕುಣಿ ಒಡೀತಿತ್ರಿ. ಅದಕ್ಕ ಹಳೇದ ಇರಲಿ ಅಂದ್ರು ನಿಮ್ಮ ಯಜಮಾನ್ರು."

"ಹೇಳಿದ್ರ ನೀ ನಂಬ್ತಿದ್ದಿಲ್ಲ. ಮಾಡೇ ತೋರಸೂಣಂದೆ" ಎಂದು ಇವರು ನೆಲ ನೋಡುತ್ತ ನಿಂತರು. ನನಗೆ ಭೂಮಿಗೆ ಇಳಿದುಹೋದಂತಾಯಿತು.

ಭಾವನವರಿಗೆ ಶರಣು ಹೇಳು. ಮಕ್ಕಳನ್ನು ಬಸವಣ್ಣ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ
ಶಿವಗಂಗಾ

ತಾ.ಕ.: ಇದನ್ನು ಓದಿ ಹರಿದುಹಾಕು. ದೀಪಾವಳಿಯ ಹೊತ್ತಿಗೇ ನನ್ನ ಬಲಗಾಲು ಸೋತಿತ್ತು. ನಡೆಯಬಲ್ಲೆ, ಮಗ್ಗ ತುಳಿಯಲಾರೆ. ಇನ್ನು ಕುಣಿಗೆ ಇಳಿಯಬೇಡ ಎಂದು ದವಾಖಾನೆಯಲ್ಲಿ ಹೇಳಿಬಿಟ್ಟಿದ್ದಾರೆ. ಅಷ್ಟರಲ್ಲಿ ಮಗ್ಗ ಬಿಚ್ಚಿ ಮನೆ ಕೆಡವಿದ್ದರಿಂದ ಯಾರಿಗೂ ತಿಳಿಯಲಿಲ್ಲ, ನಾನೂ ಹೇಳಲಿಲ್ಲ. ಖರೆ ಹೇಳುತ್ತೇನೆ ಅಕ್ಕಾ, ಇವರು ಕುಣಿ ಮುಚ್ಚಿಬಿಡಲಿ ಎಂದೇ ಕಾಯುತ್ತಿದ್ದೆ. ಮುಚ್ಚಿದ್ದರೆ ಇವರ ಮೇಲೆ ಸಿಟ್ಟು ಮಾಡಿಕೊಂಡು ಜೀವನ ಕಳೆಯಬಹುದಿತ್ತು. ಈಗ ದಿನಾ ಸ್ಲ್ಯಾಬಿಗೆ ನೀರು ಹೊಡೆಯುತ್ತ ಕೇಳುತ್ತಾರೆ, "ಯಾವಾಗ ಕೂಡ್ತಿ ಮಗ್ಗಕ್ಕ?"